ಹನ್ನೊಂದನೆಯದು

ವಾಸ್ಕೋ ಬಂದರಿಗೆ ಬೆನ್ನು ಹಾಕಿ ಕೂತ ನಮ್ಮ ಆಫೀಸಿನಲ್ಲಿ
ಹಿಂದೆ ಹಗ್ಗ, ಲಂಗರು ಇಡುತ್ತಿದ್ದ ಕೋಣೆಯೊಳಗೆ
ಹನ್ನೊಂದು ಸರ್ವರ್. ಐದು ಜಾತಿ.
ಜಾತಿ ಎಂದದ್ದು ನಾನಲ್ಲ, ಆಡಿಟರ್.

ಒಂದು ಬಂದದ್ದು ಕ್ರೇನಿನ ಜೊತೆ, ಬಳುವಳಿಯ ಹಾಗೆ.
ಒಂದನ್ನು ಯಜಮಾನರ ಅಳಿಯ ಆರಿಸಿದ;
ಅಳಿಯ ಹೋದ, ಯಂತ್ರ ಉಳಿಯಿತು.
ಲಿನಕ್ಸ್ ನಾಲ್ಕು, ಪುಕ್ಕಟೆ ಎಂದು ತಂದವು,
ಪುಕ್ಕಟೆ ಎಮ್ಮೆಗೆ ಹುಲ್ಲು ತರುವವರು ಯಾರೆಂದು
ಯಾರೂ ಕೇಳಿರಲಿಲ್ಲ. ವಿಂಡೋಸ್ ನಾಲ್ಕು,
ಒಂದೇ ಮನೆತನ, ಒಂದಕ್ಕೊಂದು ಮಾತಿಲ್ಲ.
ಇನ್ನೊಂದರ ಮಾತು ಆಮೇಲೆ.

ಫೆಬ್ರವರಿಯ ಒಂದು ರಾತ್ರಿ, ಹಡಗು ಹೊರಟು ನಿಂತಾಗ,
ಎತ್ತು ಏರಿಗೆಳೆಯಿತು, ಕೋಣ ನೀರಿಗಿಳಿಯಿತು:
ಅದಿರಿನ ಲೆಕ್ಕ ಒಂದರಲ್ಲಿ, ಸಹಿಯ ಕಾಗದ ಇನ್ನೊಂದರಲ್ಲಿ,
ನಡುವಿನದು ಬಾಯಿ ಬಿಡದೆ ನೀಲಿಗಟ್ಟಿ ಕೂತಿತ್ತು.
ಆರೂವರೆ ತಾಸು. ಹಡಗು ಸುಮ್ಮನೆ ನಿಂತರೂ ದಂಡ.
ಅಕೌಂಟ್ಸಿನ ಫಿಲೋಮಿನಾ ಮೆಟ್ಟಿಲಿಳಿದು ಬಂದು
ಮಾತಿಲ್ಲದೆ ಕ್ಯಾಲ್ಕ್ಯುಲೇಟರ್ ತೋರಿಸಿದಳು.

ಮರುವಾರವೇ ಅಪ್ಪಣೆ: ಎಲ್ಲವೂ ಒಂದೇ ಆಗಲಿ.

ಶನಿವಾರಕ್ಕೊಂದರಂತೆ ಖಾಲಿ ಮಾಡಿ ತುಂಬುತ್ತ ಬಂದೆ.
ರಾತ್ರಿ ಕಾವಲಿನ ದ್ಯಾಮಣ್ಣ, ಗದಗಿನ ಕಡೆಯವ,
ಬಾಗಿಲಲ್ಲಿ ನಿಂತು ಕೇಳಿದ:
“ಎಲ್ಲಾವ್ಕೂ ಒಂದ ನಮೂನಿ ಅಂಗಿ ಹೊಲಸಾಕ್ಹತ್ತೀರೇನ್ರಿ ಅಕ್ಕಾರ?”
ಹೌದು ದ್ಯಾಮಣ್ಣ, ಗುಂಡಿ ಉದುರಿದರೆ
ಒಂದೇ ಅಂಗಡಿಗೆ ಹೋದರಾಯಿತು.

ಹನ್ನೊಂದನೆಯದು ಉಳಿಯಿತು. ತೂಕದ ಕಾಟಾದ್ದು.
ಕೆರೂಬಿನೊ ಕೈಯಾರೆ ಕಟ್ಟಿದ್ದು. ಇಪ್ಪತ್ಮೂರು ವರ್ಷ
ಲಾರಿ ತೂಗಿದೆ, ಕೆಂಪು ಧೂಳು ಉಸಿರಾಡಿದೆ.
ಅದರ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು,
ಮುಂಜಾನೆ ಮುಂಜಾನೆ ಅವನು ಮುಂದಕ್ಕೆ ತಳ್ಳುತ್ತಿದ್ದ,
ನಿವೃತ್ತನಾದ ಮೇಲೂ,
ಮೀನು ಕೊಳ್ಳಲು ಹೋಗುವ ದಾರಿಯಲ್ಲಿ.
ಆ ನಾಲ್ಕು ನಿಮಿಷಕ್ಕೆ ಆಡಿಟರ್ ವರದಿಯಲ್ಲಿ ಅಂಕಣವಿಲ್ಲ.

ಕಡತ ಬಿಚ್ಚಿದೆ. ತೂಕಗಳ ನಡುನಡುವೆ ಅವನ ಟಿಪ್ಪಣಿ,
ರೋಮನ್ ಲಿಪಿಯ ಕೊಂಕಣಿ,
ಕೆಲವು ಅಕ್ಷರಗಳ ನೆತ್ತಿಯ ಮೇಲೆ ಸಣ್ಣದೊಂದು ಅಲೆ:
ಲಾರಿ ೪೪೧೭, ಡ್ರೈವರನ ಮಗುವಿಗೆ ಜ್ವರ, ಬೇಗ ಬಿಡು.
ಗಾಳಿ ಜೋರು, ಕಾಟಾ ಸುಳ್ಳು ಹೇಳುತ್ತಿದೆ, ಹತ್ತು ಕಿಲೋ ಕಳೆ.
ಇವತ್ತು ಯಾರೂ ಬರಲಿಲ್ಲ.

ಹೊಸದಕ್ಕೆ ಸುರಿದೆ. ಅಲೆ ಇದ್ದಲ್ಲೆಲ್ಲ ಪ್ರಶ್ನೆಚಿಹ್ನೆ.
ಸಾವಿರದ ಆರುನೂರು ಪ್ರಶ್ನೆ, ತೆರೆಯ ತುಂಬ,
ನನ್ನನ್ನೇ ಕೇಳುವ ಹಾಗೆ.
ರಾತ್ರಿಯಿಡೀ ಕೂತು ಒಂದೊಂದೇ ಅಲೆಯನ್ನು
ಅದರದರ ತಲೆಗೆ ಮರಳಿ ಕೂರಿಸಿದೆ,
ತಾಸಿನ ಪಟ್ಟಿಯಲ್ಲಿ ‘ಪರೀಕ್ಷೆ’ ಎಂದು ಬರೆದೆ.

ಆರಿಸುವ ದಿನ ಕೆರೂಬಿನೊ ಬಂದ, ಕೈಯಲ್ಲಿ ಬಂಗುಡೆಯ ಚೀಲ.
ನೀವೇ ಒತ್ತಿ ಎಂದೆ. ಒತ್ತಲಿಲ್ಲ.
ಫ್ಯಾನಿನ ಸದ್ದು ಇಳಿದಿಳಿದು ನಿಲ್ಲುವವರೆಗೆ ಕೇಳಿದ,
ಆಮೇಲೆ ಸಾಲಾಗಿ ಮಿಟುಕುವ ಹಸಿರು ದೀಪಗಳನ್ನು ನೋಡಿ,
“ಹಿಂದೆ ಒಂದು ಮಲಗಿದರೆ ಹತ್ತು ಎದ್ದಿರುತ್ತಿದ್ದವು ಮಗಾ.
ಈಗ ಎಲ್ಲಕ್ಕೂ ಒಂದೇ ಮೂಗು. ನೆಗಡಿ ಬಂದರೆ?”
ನಾನು ನಗಲಿಲ್ಲ. ಅಂದಿನಿಂದ
ಯಾವ ತೇಪೆ ಬಂದರೂ ಮೊದಲು ಒಂದಕ್ಕೆ ಹಚ್ಚಿ
ಎರಡು ದಿನ ಕಾಯುತ್ತೇನೆ. ಯಾಕೆಂದು ಯಾರಿಗೂ ಹೇಳಿಲ್ಲ.

ಲೈಸೆನ್ಸಿನ ಖರ್ಚು ಅರ್ಧಕ್ಕಿಳಿದಿದೆ.
ಏಳು ತಿಂಗಳಿಂದ ನಡುರಾತ್ರಿ ಫೋನು ಬಂದಿಲ್ಲ;
ಎರಡೂ ಹತ್ತಕ್ಕೆ ನಾನಾಗಿಯೇ ಎಚ್ಚರವಾಗಿ
ಬಾರದ ಫೋನಿಗೆ ಕಿವಿಗೊಟ್ಟು ಮಲಗುತ್ತೇನೆ.
ಫಿಲೋಮಿನಾಳ ಕ್ಯಾಲ್ಕ್ಯುಲೇಟರ್ ಈಗ ಡ್ರಾಯರಿನಲ್ಲಿ.

ಕೆರೂಬಿನೊ ಮಾತ್ರ ಮುಂಜಾನೆ ಬರುತ್ತಾನೆ.
ದ್ಯಾಮಣ್ಣ ಕೊಟ್ಟ ಚಹಾ ಕುಡಿದು, ಗಾಜಿಗೆ ಹಣೆ ತಾಗಿಸಿ
ಗಂಟೆ ಎಷ್ಟು ಎನ್ನುತ್ತಾನೆ.
ತೆರೆ ನೋಡಿ ಹೇಳುತ್ತೇನೆ.
ತನ್ನ ಕೈಗಡಿಯಾರ ನೋಡಿಕೊಳ್ಳುತ್ತಾನೆ.
“ಸರಿಯಾಗಿಯೇ ಇದೆ,” ಎಂದು
ತುಸು ಬೇಸರದಿಂದ
ಮೀನು ಪೇಟೆಗೆ ಇಳಿಯುತ್ತಾನೆ.